ಕೀಲಿಕೈ ಉಜ್ಜಪ್ಪನ ಅರವತ್ತಮೂರು ಗಿರಾಕಿಗಳು

ಶಿರಾಳಕೊಪ್ಪದ ಸಂತೆಯಲ್ಲಿ ಉಜ್ಜಪ್ಪನ ಕೈಗೆ ಸಿಕ್ಕಿ ತೆರೆಯದ ಬೀಗ ಒಂದೂ ಇರಲಿಲ್ಲ. ಮರ್ಯಾದಸ್ಥ ಬೀಗಗಳು ಅವನು ದಿಟ್ಟಿಸಿ ನೋಡಿದರೇ ಬಾಯಿ ಬಿಡುತ್ತಿದ್ದವು. ಹಟಮಾರಿ ಬೀಗಗಳಿಗೆ ಮಾತ್ರ ಎರಡು ಹನಿ ಎಣ್ಣೆ, ನಾಲ್ಕು ಬೈಗುಳ ಬೇಕಾಗುತ್ತಿತ್ತು. ಒಮ್ಮೆ ಒಂದು ಗೋದಾಮಿನ ಬೀಗ ಕೆಟ್ಟು ಅವನನ್ನು ಕರೆಸಿದಾಗ, ಅವನು ರಸ್ತೆಯ ತಿರುವಿನಲ್ಲಿ ಕಾಣಿಸಿಕೊಂಡ ಕೂಡಲೇ ಬೀಗ ಹೆದರಿ ಕಳಚಿ ಬಿತ್ತೆಂದು ನಾನು ಹತ್ತಾರು ಜನರಿಗೆ ಹೇಳಿದ್ದೇನೆ. ಈಗ ಅವರೆಲ್ಲ ಅದನ್ನು ನನಗೇ ಹೇಳುತ್ತಾರೆ. ಆದ್ದರಿಂದ ನಿಜವೇ ಇರಬೇಕು.

ಉಜ್ಜಪ್ಪನದು ಕುರಿ ಸಾಕುವ ಮನೆತನ. ಅವನಪ್ಪ ಮುನ್ನೂರು ಕುರಿಗಳ ನಡುವೆ ನಿಂತು, ಇದು ಇಂಥ ಕುರಿಯ ಮೊಮ್ಮಗಳು, ಇದಕ್ಕೆ ಅಜ್ಜಿಯ ಮೂಗು ಬಂದಿದೆ ಎಂದು ಹೇಳಬಲ್ಲವನಾಗಿದ್ದ. ಮಗನಿಗೆ ಆ ವಿದ್ಯೆ ಕೀಲಿಕೈಗೆ ತಿರುಗಿತು. ಮನುಷ್ಯರ ಮುಖ ಅವನಿಗೆ ನೆನಪಿರುತ್ತಿರಲಿಲ್ಲ. ಇಪ್ಪತ್ತು ವರ್ಷ ದಿನಾ ಅವನ ಪೆಟ್ಟಿಗೆಯ ಮೇಲೆ ಕೂತು ಪೇಪರ್ ಓದಿದ ಶಾಲಾ ಮೇಷ್ಟ್ರಾದ ನನ್ನನ್ನೇ, ನಾನು ಮೀಸೆ ತೆಗೆಸಿದ ದಿನ, "ಯಾರು ಬೇಕಾಗಿತ್ರಿ?" ಎಂದು ಕೇಳಿದ. ಆದರೆ ಒಮ್ಮೆ ಕೈಯಿಂದ ದಾಟಿಹೋದ ಕೀಲಿಕೈಯನ್ನು ಅವನು ಸಾಯುವತನಕ ಮರೆಯುವವನಲ್ಲ.

ಸಂತೆಗೆ ಹೋಗುವ ದಾರಿಯ ಬೇವಿನ ಮರದ ಕೆಳಗೆ ಅವನ ಜಾಗ. ಒಂದು ಗೋಣಿಚೀಲ, ಅದರ ಮೇಲೆ ಹಳೆಯ ಕೀಲಿಕೈಗಳ ರಾಶಿ, ಪಕ್ಕದಲ್ಲಿ ಸಾಣೆಕಲ್ಲು. ರಿಪೇರಿಗೆ ಬರುವವರು ಒಂದು ಬಗೆಯ ಗಿರಾಕಿಗಳು. ಅವರು ಗಟ್ಟಿಯಾಗಿ ಮಾತಾಡುತ್ತಾರೆ, ಚೌಕಾಸಿ ಮಾಡುತ್ತಾರೆ, ಹೋಗುವಾಗ ಒಂದು ಎಲೆ-ಅಡಿಕೆ ಕಸಿದುಕೊಂಡು ಹೋಗುತ್ತಾರೆ. ಇನ್ನೊಂದು ಬಗೆಯವರು ಬೇರೆ. ಅವರು ಮರದ ಆಚೆ ಬದಿಯಲ್ಲಿ ನಿಂತಿರುತ್ತಾರೆ. ಯಾರೂ ಇಲ್ಲದ ಹೊತ್ತು ನೋಡಿ ಬಂದು, ರಾಶಿಯಿಂದ ಒಂದು ಹಳೆಯ ಕಬ್ಬಿಣದ ಕೀಲಿಕೈ ಆರಿಸಿ, ಹೇಳಿದಷ್ಟು ಕೊಟ್ಟು, ಸೆರಗಿನಲ್ಲೋ ಟವಲಿನಲ್ಲೋ ಮುಚ್ಚಿಕೊಂಡು ಹೊರಟುಬಿಡುತ್ತಾರೆ. ಬೀಗ ಯಾವುದು ಎಂದು ಉಜ್ಜಪ್ಪ ಕೇಳುವುದಿಲ್ಲ. ಯಾಕೆಂದರೆ ಬೀಗ ಇರುವುದಿಲ್ಲ.

ಫಿಟ್ಸ್ ಬಂದಾಗ ಕೈಯಲ್ಲಿ ಕಬ್ಬಿಣ ಹಿಡಿಸಿದರೆ ನಿಲ್ಲುತ್ತದೆ ಎಂದು ನಮ್ಮ ಕಡೆ ನಂಬಿಕೆ. ಅದರಲ್ಲೂ ಬೀಗ ಕಳೆದುಹೋಗಿ ಒಂಟಿಯಾದ ಕೀಲಿಕೈ ಬಹಳ ಶಕ್ತಿಯದು ಎನ್ನುತ್ತಾರೆ. ಹಾಗಾಗಿ ಫಿಟ್ಸ್ ಇರುವವರ ಸೊಂಟದಲ್ಲಿ, ಕೊರಳಿನಲ್ಲಿ, ಇಲ್ಲದಿದ್ದರೆ ತಲೆದಿಂಬಿನ ಕೆಳಗೆ ಅಂಥದ್ದೊಂದು ಇದ್ದೇ ಇರುತ್ತದೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಯಾರ ಮನೆಯಲ್ಲಿ ಈ ಕಾಯಿಲೆ ಇದೆ ಎಂದು ಯಾವ ಆಸ್ಪತ್ರೆಗೂ ಗೊತ್ತಿರಲಿಲ್ಲ, ಯಾವ ಔಷಧಿ ಕಂಪನಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಬೇವಿನ ಮರದ ಕೆಳಗಿನ ಉಜ್ಜಪ್ಪನಿಗೆ. ಅವನು ಅದನ್ನು ಹೆಂಡತಿಗೂ ಹೇಳುತ್ತಿರಲಿಲ್ಲ.

ಹೆಂಡತಿಗೂ ಒಂದು ಕೀಲಿಕೈ ಕಟ್ಟಿದ್ದ, ಅದು ಬೇರೆ ಮಾತು.

ಮಾಳಮ್ಮನಿಗೆ ಫಿಟ್ಸ್ ಬರತೊಡಗಿದ್ದು ಮದುವೆಯಾಗಿ ಆರನೇ ವರ್ಷಕ್ಕೆ. ಒಂದು ಬೆಳಿಗ್ಗೆ ಒಲೆಯ ಮುಂದೆಯೇ ಬಿದ್ದು ಎಡಗೈ ಸುಟ್ಟುಕೊಂಡಳು. ಅವತ್ತೇ ಉಜ್ಜಪ್ಪ ಒಲೆಯ ಸುತ್ತ ಒಂದು ಗೆರೆ ಎಳೆದು, ಇದನ್ನು ದಾಟಬೇಡ ಎಂದ. ಹನ್ನೊಂದು ವರ್ಷ ಅವಳು ದಾಟಲಿಲ್ಲ. ಹನ್ನೊಂದು ವರ್ಷ ರೊಟ್ಟಿ ಬಡಿದವನು ಉಜ್ಜಪ್ಪ.

ಆ ರೊಟ್ಟಿಯ ಬಗ್ಗೆ ನಾನು ಏನು ಹೇಳಿದರೂ ಕಡಿಮೆಯೇ. ಒಮ್ಮೆ ನಾಯಿಗೆ ಹಾಕಿದಾಗ ನಾಯಿ ಅದನ್ನು ಮೂಸಿ, ಮಣ್ಣಿನಲ್ಲಿ ಹೂತು, ಆ ಜಾಗಕ್ಕೆ ಮತ್ತೆ ಕಾಲಿಡಲಿಲ್ಲ. ಮನೆಯ ಒಂದು ಹಂಚು ಒಡೆದಾಗ ಆ ತೂತಿಗೆ ಮುಚ್ಚಿದ ರೊಟ್ಟಿ ಎರಡು ಮಳೆಗಾಲ ಸೋರದೆ ನಿಂತಿತು. ಮೂರನೇ ವರ್ಷ ಹಂಚು ಬದಲಾಯಿಸಲು ಬಂದವನು ಅದನ್ನು ತಟ್ಟಿ ನೋಡಿ, "ಇದ್ಯಾವ ಫ್ಯಾಕ್ಟರೀದು?" ಎಂದು ಕೇಳಿದನಂತೆ. ಮಾಳಮ್ಮ ಬಾಗಿಲ ಹತ್ತಿರ ಕೂತು, "ನೀರು ಕಮ್ಮಿ ಆತು ನೋಡ್ರಿ, ಅಂಚು ಸೀಳತಾವ" ಎಂದು ದಿನಾ ಹೇಳಿಕೊಡುತ್ತಿದ್ದಳು. ಅವನು ದಿನಾ ಕೇಳುತ್ತಿದ್ದ, ಅಂಚುಗಳು ದಿನಾ ಸೀಳುತ್ತಿದ್ದವು. ಅವಳು ಒಂದು ದಿನವೂ ಉಳಿಸದೆ ತಿಂದಳು. ಹಲ್ಲು ಗಟ್ಟಿ ಇತ್ತು, ಗಂಡನ ಮೇಲೆ ಪ್ರೀತಿಯೂ ಇತ್ತು. ಎರಡರಲ್ಲಿ ಯಾವುದು ಕಮ್ಮಿ ಇದ್ದಿದ್ದರೂ ಆಗುತ್ತಿರಲಿಲ್ಲ.

ತೊಂಬತ್ತಮೂರರಲ್ಲಿ ಅವರಿಬ್ಬರನ್ನು ಶಿವಮೊಗ್ಗದ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನು ನಾನು. ಡಾಕ್ಟರು ಎಲ್ಲ ಕೇಳಿ, ಮಾಳಮ್ಮನ ಮುಷ್ಟಿಯಲ್ಲಿದ್ದ ಕೀಲಿಕೈ ನೋಡಿ, "ಇದು ಯಾವ ಬೀಗದ್ದಮ್ಮ?" ಎಂದರು.

"ಯಾವುದ್ರದ್ದೂ ಅಲ್ರಿ."

"ಹಾಗಾದರೆ ಇದರಿಂದ ತೆರೆಯೋದೂ ಏನೂ ಇಲ್ಲ. ಇಟ್ಟುಕೊಳ್ಳಿ, ನನ್ನ ಅಭ್ಯಂತರವಿಲ್ಲ. ಆದರೆ ಬೆಳಿಗ್ಗೆ ಒಂದು, ಸಂಜೆ ಒಂದು ಈ ಮಾತ್ರೆ ತಗೋಬೇಕು. ಒಂದು ಹೊತ್ತೂ ತಪ್ಪಿಸಬಾರದು. ಥಟ್ಟನೆ ನಿಲ್ಲಿಸಿದರೆ ಮೊದಲಿಗಿಂತ ಜೋರಾಗಿ ಬರುತ್ತೆ."

ನಡುವೆ ಒಂದು ಗೆರೆ ಇದ್ದ ಬಿಳಿ ಮಾತ್ರೆ ಅದು. ಅದರ ನಿಜವಾದ ಹೆಸರು ಶಿರಾಳಕೊಪ್ಪದಿಂದ ಆನವಟ್ಟಿಯವರೆಗಿನ ರಸ್ತೆಯಷ್ಟು ಉದ್ದ ಇದ್ದು, ನಡುವೆ ಅಷ್ಟೇ ಗುಂಡಿಗಳಿದ್ದುದರಿಂದ ನಾವೆಲ್ಲ ಅದನ್ನು ಗೆರೆ ಮಾತ್ರೆ ಎಂದೇ ಕರೆದೆವು. ಶಿರಾಳಕೊಪ್ಪದಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಕೊಟ್ರೇಶ್ ಅದನ್ನು ತರಿಸಿಕೊಡುತ್ತಿದ್ದ. ಮೊದಲ ತಿಂಗಳು ಒಂದು ಸಲ ಫಿಟ್ಸ್ ಬಂತು. ಎರಡನೇ ತಿಂಗಳು ಬರಲಿಲ್ಲ. ಮೂರನೇ ತಿಂಗಳೂ ಬರಲಿಲ್ಲ. ವರ್ಷ ತುಂಬಿದ ಮೇಲೆ ಡಾಕ್ಟರು, ಹತ್ತಿರ ಯಾರಾದರೂ ಇದ್ದರೆ ಒಲೆಯ ಮುಂದೆ ಕೂರಬಹುದು ಎಂದರು. ಮಾಳಮ್ಮ ಬಸ್ಸಿಳಿದು ಮನೆಗೆ ಬಂದವಳು ಕಾಲು ಕೂಡ ತೊಳೆಯದೆ ಆ ಗೆರೆಯನ್ನು ಸಗಣಿ ಹಾಕಿ ಸಾರಿಸಿಬಿಟ್ಟಳು. ಅವತ್ತಿನ ಮೊದಲ ರೊಟ್ಟಿ ಉಬ್ಬಿ ಹಂಚಿನಿಂದ ನಾಲ್ಕು ಬೆರಳು ಮೇಲೆ ತೇಲುತ್ತಿದ್ದುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಿಟಕಿ ತೆರೆದಿದ್ದರೆ ಹಾರಿಹೋಗುತ್ತಿತ್ತು.

ಅಲ್ಲಿಂದ ಮುಂದೆ ಉಜ್ಜಪ್ಪ ಒಂದು ಹೊಸ ಪದ್ಧತಿ ಶುರು ಮಾಡಿದ. ಯಾರಾದರೂ ಒಂಟಿ ಕೀಲಿಕೈ ಕೊಂಡರೆ ಅದರ ಜೊತೆ ಒಂದು ಚೀಟಿ ಸುತ್ತಿ ಕೊಡುತ್ತಿದ್ದ. ಅದರಲ್ಲಿ ಶಿವಮೊಗ್ಗದ ಡಾಕ್ಟರ ವಿಳಾಸ, ಬಸ್ಸಿನ ಹೊತ್ತು. ಬರೆದುಕೊಟ್ಟವನು ನಾನು. ಹಳೆಯ ಗಿರಾಕಿಗಳಿಗೂ ಹುಡುಕಿ ಹುಡುಕಿ ಕೊಟ್ಟ. "ಕೀಲಿಕೈ ನಡಿನಾಗಿರ್ಲಿ, ಚೀಟಿ ಕಿಸೇನಾಗಿರ್ಲಿ" ಎನ್ನುತ್ತಿದ್ದ. ಅದಕ್ಕಿಂತ ಒಂದು ಮಾತು ಹೆಚ್ಚಾಡುತ್ತಿರಲಿಲ್ಲ. ತನ್ನ ವ್ಯಾಪಾರದ ಬುಡಕ್ಕೆ ತಾನೇ ಕೊಡಲಿ ಹಾಕಿಕೊಂಡ ವ್ಯಾಪಾರಿಯನ್ನು ನಾನು ನೋಡಿದ್ದು ಅದೊಂದೇ ಸಲ.

ತೊಂಬತ್ತೈದರ ಬೇಸಿಗೆಯ ಒಂದು ಸಂತೆ ದಿನ ಉಜ್ಜಪ್ಪ ನನ್ನ ಜೊತೆ ಮಾತ್ರೆ ತರಲು ಹೋದಾಗ ಕೊಟ್ರೇಶ್ ಕೈ ಅಲ್ಲಾಡಿಸಿಬಿಟ್ಟ.

"ಇಲ್ಲ ಉಜ್ಜಪ್ಪಣ್ಣ. ಬರಂಗಿಲ್ಲಂತೆ."

"ಯಾವಾಗ ಬರ್ತತಿ?"

"ಇನ್ ಬರಂಗೇ ಇಲ್ಲಂತೆ. ಇಲ್ಲೇ ಅದಾರಲ್ಲ ಕಂಪನಿ ಸಾಹೇಬ್ರು, ಅವ್ರನ್ನೇ ಕೇಳು."

ಅಂಗಡಿಯೊಳಗೆ ಸ್ಟೂಲಿನ ಮೇಲೆ ಕೂತಿದ್ದವನು ಕಂಪನಿಯ ಪ್ರತಿನಿಧಿ ಮಲ್ಲಿಕಾರ್ಜುನ್. ಎರಡು ವಾರಕ್ಕೊಮ್ಮೆ ಶಿವಮೊಗ್ಗದಿಂದ ಬಸ್ಸಿನಲ್ಲಿ ಬರುತ್ತಿದ್ದ ತೆಳ್ಳನೆಯ ಹುಡುಗ. ಆ ಬೇಸಿಗೆಯಲ್ಲೂ ಟೈ ಕಟ್ಟಿದ್ದ. ಬೆವರಿನಲ್ಲಿ ನೆಂದು ಆ ಟೈ, ಕರು ಬಿಚ್ಚಿಕೊಂಡು ಹೋದ ಹಗ್ಗದ ಹಾಗೆ ಕಾಣುತ್ತಿತ್ತು. ಅವನು ಎದ್ದು ನಿಂತು ಹೇಳಿದ:

"ಯಜಮಾನ್ರೇ, ಈ ವರ್ಷ ಆ ಮಾತ್ರೆಗೆ ಎಲ್ಲ ಕಡೆ ಕೊರತೆ. ಇರೋ ಸ್ವಲ್ಪ ಸರಕನ್ನ ಪೇಷಂಟ್ಸ್ ಜಾಸ್ತಿ ಇರೋ ಊರಿಗೆ ಮಾತ್ರ ಹಂಚಿ ಅಂತ ಹುಬ್ಬಳ್ಳಿ ಮ್ಯಾನೇಜರ್ ಆರ್ಡರ್. ನಿಮ್ಮ ಎರಡು ತಾಲ್ಲೂಕಿನಲ್ಲಿ ಪ್ರತಿ ತಿಂಗಳೂ ತಗೊಳ್ಳೋರು ಒಬ್ಬರೇ ಇರೋದು."

"ಯಾರು?"

"ನೀವೇ."

ಉಜ್ಜಪ್ಪ ಕೊಟ್ರೇಶನ ಮುಖ ನೋಡಿದ, ನನ್ನ ಮುಖ ನೋಡಿದ. ಆಮೇಲೆ ನಗತೊಡಗಿದ. ಅವನ ನಗು ಕೇಳಿ ಎದುರಿನ ಪಾತ್ರೆ ಅಂಗಡಿಯಲ್ಲಿ ಕೊಡಗಳು ಉರುಳಿದವು. "ಒಬ್ರೇ ಅಂತೆ ಮೇಷ್ಟ್ರೇ" ಎಂದು ಕಣ್ಣೊರೆಸಿಕೊಂಡ. "ಸಾಹೇಬ್ರೇ, ನಂಗೆ ಗೊತ್ತಿರೋದೇ ಅರವತ್ತರ ಮ್ಯಾಲೆ ಅದಾರ."

"ಹಾಗಾದರೆ ಮಾತ್ರೆ ಎಲ್ಲಿ ತಗೋತಾರೆ?"

ಅದೇ ನಮ್ಮ ಜನರ ಜಾಣತನ. ಕಾಯಿಲೆ ಊರಿಗೆ ಗೊತ್ತಾಗಬಾರದೆಂದು ಶಿಕಾರಿಪುರದವರು ದಾವಣಗೆರೆಗೆ ಹೋಗಿ ಮಾತ್ರೆ ತರುತ್ತಿದ್ದರು, ಆನವಟ್ಟಿಯವರು ಹಾವೇರಿಗೆ, ಸೊರಬದವರು ಸಾಗರಕ್ಕೆ. ಒಂದೇ ಅಂಗಡಿಗೆ ಎರಡು ಸಲ ಹೋದರೆ ಗುರುತು ಸಿಗುತ್ತದೆಂದು ಪ್ರತಿ ತಿಂಗಳೂ ಅಂಗಡಿ ಬದಲಾಯಿಸುತ್ತಿದ್ದರು. ಬಸ್ಸು ತಪ್ಪಿದರೆ ಮಾತ್ರೆಯೂ ತಪ್ಪುತ್ತಿತ್ತು. ಅರವತ್ತು ಜನ ಮೂರು ಜಿಲ್ಲೆಗಳಲ್ಲಿ ಎಷ್ಟು ಚೆನ್ನಾಗಿ ಅಡಗಿಕೊಂಡಿದ್ದರೆಂದರೆ, ಕೊನೆಗೆ ಮಾತ್ರೆಗೂ ಅವರು ಸಿಗಲಿಲ್ಲ. ರಾಜಾರೋಷವಾಗಿ ಊರಿನಲ್ಲೇ ಕೊಳ್ಳುತ್ತಿದ್ದವನು ಉಜ್ಜಪ್ಪ ಒಬ್ಬನೇ.

ಮಲ್ಲಿಕಾರ್ಜುನ್ ಕೆಟ್ಟವನಲ್ಲ. "ನೀವು ಹೇಳಿದ್ದನ್ನ ನಾನು ನಂಬ್ತೀನಿ, ಮ್ಯಾನೇಜರ್ ನಂಬಬೇಕಲ್ಲ" ಎಂದ. "ಮುಂದಿನ ಸಲ ಬರ್ತೀನಿ, ಎರಡು ಸಂತೆ ಬಿಟ್ಟು. ನಲವತ್ತು ಜನರನ್ನ ತೋರಿಸಿ. ನಾನೇ ಹುಬ್ಬಳ್ಳಿಗೆ ಹೋಗಿ ಕೂರ್ತೀನಿ."

ಮನೆಯಲ್ಲಿ ಉಳಿದಿದ್ದದ್ದು ಇಪ್ಪತ್ಮೂರು ದಿನದ ಮಾತ್ರೆ. ಉಜ್ಜಪ್ಪ ಶಿವಮೊಗ್ಗಕ್ಕೆ ಹೋಗಿ ಏಳು ಅಂಗಡಿ ಸುತ್ತಿ ಬರಿಗೈಯಲ್ಲಿ ಬಂದ. ಡಾಕ್ಟರನ್ನು ಕೇಳಿದರೆ, ಬೇರೆ ಮಾತ್ರೆಗೆ ಬದಲಾಯಿಸಬಹುದು, ಆದರೆ ಹೊಂದುವವರೆಗೆ ಮತ್ತೆ ಫಿಟ್ಸ್ ಬರಬಹುದು, ಒಲೆಯಿಂದ ದೂರ ಇರಲಿ ಎಂದರು. ಅವನು ಮನೆಗೆ ಬಂದು ಇದನ್ನು ಹೇಳಿದಾಗ ಮಾಳಮ್ಮ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಹಂಗಾರೆ ಮತ್ತೆ ಗೆರೆ ಎಳೀತೀರೇನು?"

"ಎಳೀಬೇಕಾಗ್ತತಿ."

"ಮತ್ತೆ ನಿಮ್ಮ ರೊಟ್ಟಿ?"

"ಹೂಂ."

ಮಾಳಮ್ಮ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಫಿಟ್ಸ್ ಆದ್ರೂ ತಡ್ಕೋಬೌದು" ಎಂದಳು.

ಇಬ್ಬರೂ ನಕ್ಕರು. ಆದರೆ ಆ ರಾತ್ರಿ ಡಬ್ಬಿಯ ಮಾತ್ರೆಗಳನ್ನು ಎರಡು ಸಲ ಎಣಿಸಿದೆನೆಂದು ಉಜ್ಜಪ್ಪನೇ ನನಗೆ ಹೇಳಿದ.

ನಲವತ್ತು ಜನರನ್ನು ತೋರಿಸುವುದು ಹೇಗೆ? ಕಾಯಿಲೆಯವರು ಬನ್ನಿ ಎಂದರೆ ಒಂದು ನರಪಿಳ್ಳೆಯೂ ಬರುವುದಿಲ್ಲ. ಬರುವವರಿದ್ದವರೂ ಗುಡವಿಯ ಕೆರೆಯ ಹಕ್ಕಿಗಳ ಹಾಗೆ ಒಂದೇ ಸಲಕ್ಕೆ ಎದ್ದು ಹಾರಿಹೋಗುತ್ತಾರೆ. ಉಜ್ಜಪ್ಪ ಎರಡು ದಿನ ಯೋಚಿಸಿದ. ಮೂರನೇ ದಿನ ಸಾಣೆಕಲ್ಲು ಹೆಗಲಿಗೇರಿಸಿ ಹೊರಟ. ಆನವಟ್ಟಿ, ಸೊರಬ, ಶಿಕಾರಿಪುರ ಮೂರೂ ಕಡೆ ಹೋಗಿ ತನ್ನ ಗಿರಾಕಿಗಳನ್ನು ಹುಡುಕಿದ. ಮುಖ ನೋಡಿ ಅಲ್ಲ, ನಡು ನೋಡಿ, ಕೊರಳು ನೋಡಿ. ಒಬ್ಬೊಬ್ಬರ ಕಿವಿಯಲ್ಲೂ ಒಂದೇ ಮಾತು: "ಕೀಲಿಕೈಗೆ ತುಕ್ಕು ಹಿಡಿದೈತಿ. ಬರೋದ್ರಾಚೆ ಸಂತೆ ದಿನ ಹನ್ನೊಂದು ಗಂಟೆಗೆ ಬರ್ರಿ, ಸಾಣೆ ಹಿಡಿದು ಕೊಡ್ತೀನಿ. ದುಡ್ಡು ಬ್ಯಾಡ."

"ಇದು ಮೋಸ ಅಲ್ಲವೇನಪ್ಪ?" ಎಂದೆ ನಾನು.

"ಮೋಸ ಎಲ್ಲೈತಿ ಮೇಷ್ಟ್ರೇ? ಸಾಣೆ ಹಿಡೀತೀನಲ್ಲ. ಬ್ಯಾರೆ ಯಾರನ್ನ ಕರೆದೀನಿ ಅಂತ ಅವ್ರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ."

ಆ ಸಂತೆಯ ದಿನ ಹತ್ತೂವರೆಯಿಂದಲೇ ಬೇವಿನ ಮರದ ಸುತ್ತ ಒಂದು ವಿಚಿತ್ರ ಗಾಳಿ ಬೀಸಿತು. ಉಜ್ಜಪ್ಪನ ಎಡಕ್ಕೆ ಮೆಣಸಿನಕಾಯಿ ಅಂಗಡಿ, ಬಲಕ್ಕೆ ಈರುಳ್ಳಿ ರಾಶಿ. ಜನ ಬಂದು ಬಂದು ಮೆಣಸಿನಕಾಯಿಯ ಮುಂದೆ ನಿಂತರು. ಕೊಳ್ಳುವುದಿಲ್ಲ, ಹೋಗುವುದಿಲ್ಲ, ಒಂದು ಕಣ್ಣು ಉಜ್ಜಪ್ಪನ ಕಡೆ. ಯಾರೂ ಇಲ್ಲದ ಹೊತ್ತಿಗಾಗಿ ಎಲ್ಲರೂ ಕಾಯುತ್ತಿದ್ದರು. ಎಲ್ಲರೂ ಕಾಯುತ್ತಿದ್ದುದರಿಂದ ಆ ಹೊತ್ತು ಬರಲೇ ಇಲ್ಲ. ಹತ್ತು ಮುಕ್ಕಾಲಿಗೆ ಮೂವತ್ತು ಜನ. ಹನ್ನೊಂದಕ್ಕೆ ಅರವತ್ತು. ಮೆಣಸಿನಕಾಯಿ ಮಾರುವ ಕರಿಯಣ್ಣನಿಗೆ ತನ್ನ ಸರಕಿನಲ್ಲಿ ಏನೋ ದೇವರು ಮೂಡಿರಬೇಕೆಂದು ಅನುಮಾನ ಬಂದು, ಚೀಲವನ್ನು ತಾನೇ ಒಮ್ಮೆ ಬಗ್ಗಿ ನೋಡಿದ. ಬರೀ ನೋಡುವುದಕ್ಕೆ ಸಂಕೋಚವಾಗಿ ಈರುಳ್ಳಿ ಕೊಂಡವರೇ ಎಷ್ಟೋ ಜನ. ಹನ್ನೊಂದು ಕಾಲಿಗೆ ಈರುಳ್ಳಿಯವನು ಗೋಣಿ ಕೊಡವಿಕೊಂಡು ಮನೆಗೆ ಹೋದ.

ಆಗ ಶಿಕಾರಿಪುರದ ಬಸ್ಸಿನಿಂದ ರಾಜೇಶ್ವರಮ್ಮ ಇಳಿದು ಬಂದರು. ದೊಡ್ಡ ಬಟ್ಟೆ ಅಂಗಡಿಯ ಮನೆಯವರು. ನಾಲ್ಕು ಹೆಜ್ಜೆ ಇಟ್ಟವರು ಮೆಣಸಿನಕಾಯಿಯ ಮುಂದೆ ಆನವಟ್ಟಿಯ ಗುರುಮಲ್ಲಪ್ಪನವರನ್ನು ಕಂಡು ನಿಂತುಬಿಟ್ಟರು. ಗುರುಮಲ್ಲಪ್ಪ ಅವರ ಬೀಗರು. ಗುರುಮಲ್ಲಪ್ಪನವರ ಮಗಳನ್ನು ಇವರ ಮಗನಿಗೆ ಕೊಟ್ಟು ಆರು ವರ್ಷ. ಈ ಆರು ವರ್ಷದಲ್ಲಿ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಒಂದು ರಾತ್ರಿಯೂ ತಂಗಿರಲಿಲ್ಲ. ಊಟ ಮುಗಿಯಿತೋ ಇಲ್ಲವೋ ಬಸ್ಸು ಹತ್ತುತ್ತಿದ್ದರು. ಆ ಮನೆಯವರಿಗೆ ಜಂಬ ಎಂದು ಎರಡೂ ಮನೆಯವರು ಮಾತಾಡಿಕೊಳ್ಳುತ್ತಿದ್ದರು.

"ಏನ್ ಬೀಗರೇ, ಈ ಕಡೆ?" ಎಂದರು ರಾಜೇಶ್ವರಮ್ಮ.

"ಹಿಂಗೇ... ಕಪಾಟಿಂದು ಕೀಲಿಕೈ ರಿಪೇರಿ ಇತ್ತು. ನೀವು?"

"ನಮ್ದೂ ಕಪಾಟಿಂದೇ."

"ಶಿಕಾರಿಪುರ್ದಾಗೆ ರಿಪೇರಿಯೋರು ಇಲ್ಲೇನ್ರಿ?"

"ಆನವಟ್ಟೀನಾಗೂ ಅದಾರಲ್ರಿ."

ಅಷ್ಟರಲ್ಲಿ ಗುರುಮಲ್ಲಪ್ಪನವರ ಅಂಗಿಯ ಗುಂಡಿ ಬಿಚ್ಚಿ ಕೊರಳ ಕೀಲಿಕೈ ಹೊರಗೆ ಇಣುಕಿತು. ರಾಜೇಶ್ವರಮ್ಮ ಅದನ್ನು ನೋಡಿದರು. ಆಮೇಲೆ, ಏನನ್ನಿಸಿತೋ, ಸೆರಗು ಸರಿಸಿ ನಡುವಿನ ಬೆಳ್ಳಿ ಡಾಬಿಗೆ ಕಟ್ಟಿದ್ದ ತಮ್ಮದನ್ನು ತೋರಿಸಿದರು.

ಗುರುಮಲ್ಲಪ್ಪನವರು ಒಂದು ಹೆಜ್ಜೆ ಹತ್ತಿರ ಬಂದರು. "ಅದಕ್ಕೇ ಏನ್ರಿ ನೀವು ಒಂದ್ ರಾತ್ರೀನೂ ಉಳೀತಿರ್ಲಿಲ್ಲ?"

"ನೀವು ಉಳೀತಿದ್ರೇನು?"

"ನಾವು ನಿಮಗೆ ಜಂಬ ಅನ್ಕಂಡಿದ್ವಿ."

"ನಾವೂ ಅದನ್ನೇ ಅನ್ಕಂಡಿದ್ವಿ ಬಿಡ್ರಿ."

ಇದನ್ನು ಅರವತ್ತು ಜೊತೆ ಕಿವಿಗಳು ಕೇಳಿದವು. ಜನ ಮೆಣಸಿನಕಾಯಿ ಬಿಟ್ಟು ಒಬ್ಬರ ನಡು ಒಬ್ಬರು ನೋಡತೊಡಗಿದರು. ಸರಿಯಾಗಿ ಆ ಹೊತ್ತಿಗೆ ಕೊಟ್ರೇಶನ ಜೊತೆ ಮಲ್ಲಿಕಾರ್ಜುನ್ ಬಂದ. ಬಂದವನೇ ಉತ್ಸಾಹದಿಂದ ಒಂದು ದೊಡ್ಡ ರಿಜಿಸ್ಟರ್ ತೆಗೆದು, ಪೆನ್ನಿನ ಟೋಪಿ ಬಿಚ್ಚಿ, "ಫಿಟ್ಸಿನ ಮಾತ್ರೆ ಈ ಊರಿಗೇ ತರಿಸಬೇಕಂದ್ರೆ ಒಬ್ಬೊಬ್ಬರಾಗಿ ಹೆಸರು, ಊರು, ಮನೆತನ ಹೇಳಿ" ಎಂದ.

ಆ ಪುಸ್ತಕ ನೋಡಿದ್ದೇ ತಡ, ಪಂಚೆಗಳು ಮೇಲೆದ್ದವು, ಸೆರಗುಗಳು ತಲೆಗೇರಿದವು. ಗುರುಮಲ್ಲಪ್ಪನವರು ಬಸ್ ನಿಲ್ದಾಣದ ಕಡೆ ತಿರುಗಿದರು. ಮನೆಯಲ್ಲಿ ಒಂಬತ್ತೇ ದಿನದ ಮಾತ್ರೆ ಉಳಿದಿದ್ದ ಉಜ್ಜಪ್ಪ ಎದ್ದು, ಆ ರಿಜಿಸ್ಟರಿನ ಮೇಲೆ ಕೈಯಿಟ್ಟು ಮುಚ್ಚಿದ.

"ಹೆಸರು ಬ್ಯಾಡ ಸಾಹೇಬ್ರೇ. ಇಪ್ಪತ್ ವರ್ಷದಾಗೆ ನಾನೇ ಒಬ್ರ ಹೆಸರೂ ಕೇಳಿಲ್ಲ. ಕೀಲಿಕೈ ಎಣಿಸ್ರಿ."

"ಕೀಲಿಕೈಯಾ?"

"ಒಂದು ಕೀಲಿಕೈ ಅಂದ್ರೆ ಒಬ್ಬ ಮನುಷ್ಯ. ಇದಕ್ಕೆ ಬೀಗ ಇಲ್ಲ, ಊರಿಲ್ಲ, ಮನೆತನ ಇಲ್ಲ. ಎಲ್ಲಾ ನಾನೇ ಕೊಟ್ಟಿದ್ದು, ಒಂದೊಂದನ್ನೂ ಬಲ್ಲೆ. ಇವನ್ನ ತಗಂಡೋಗಿ ನಿಮ್ಮ ಮ್ಯಾನೇಜರ ಟೇಬಲ್ ಮ್ಯಾಲೆ ಸುರೀರಿ."

ಹೊರಟವರ ಕಾಲು ನಿಂತಿತು. ಆದರೆ ಕೀಲಿಕೈ ಬಿಚ್ಚಿ ಕೊಡಲು ಯಾರ ಕೈಯೂ ಮುಂದೆ ಬರಲಿಲ್ಲ. "ಇದನ್ನ ಕೊಟ್ಟು, ಮಾತ್ರೇನೂ ಬರದಿದ್ರೆ?" ಎಂದು ಹಿಂದಿನಿಂದ ಯಾರೋ ಕೇಳಿದರು. ನ್ಯಾಯವಾದ ಪ್ರಶ್ನೆ.

ಉತ್ತರ ತಲೆಯ ಮೇಲೆ ಬುಟ್ಟಿ ಹೊತ್ತುಕೊಂಡು ಬಂತು. ಮಾಳಮ್ಮ ನಸುಕಿಗೇ ಎದ್ದು, ನನ್ನ ಮನೆಯವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ರೊಟ್ಟಿ ಬಡಿದಿದ್ದಳು. ಬುಟ್ಟಿ ಇಳಿಸಿದಾಗ ರೊಟ್ಟಿಗಳ ಎತ್ತರ ಬೇವಿನ ಕೊಂಬೆಗೆ ತಾಗುತ್ತಿತ್ತು; ತಾಗದಿದ್ದರೂ ತಾಗುವ ಹಾಗಿತ್ತು. ಅವಳು ಗಂಡನ ಗೋಣಿಚೀಲದ ಮುಂದೆ ಕೂತು, ಸೊಂಟದಿಂದ ತನ್ನ ಕೀಲಿಕೈ ಬಿಚ್ಚಿ ಟಣ್ ಎಂದು ಹಾಕಿದಳು. ಎಡಗೈಯ ಸುಟ್ಟ ಗುರುತು ಎಲ್ಲರಿಗೂ ಕಾಣುತ್ತಿತ್ತು.

"ಮಾತ್ರೆ ಸಿಗೋಕೆ ಮುಂಚೆ ಇದು ಹತ್ತು ವರ್ಷ ನನ್ನ ಸೊಂಟದಾಗಿತ್ತು. ಹತ್ತು ವರ್ಷಾನೂ ಬಿದ್ದೀನಿ. ಮಾತ್ರೆ ತಗಳ್ಳಾಕೆ ಹತ್ತಿದ ಮ್ಯಾಲೆ ಎರಡ್ ವರ್ಷ ಆಗ್ತಾ ಬಂತು, ಮೊದಲ್ನೇ ತಿಂಗಳು ಒಂದ್ ಸಲ ಬಿಟ್ರೆ ಬಿದ್ದಿಲ್ಲ. ಇವತ್ತು ಎಪ್ಪತ್ತು ರೊಟ್ಟಿ ಬೆಂಕಿ ಮುಂದೆ ಕುಂತು ಮಾಡೀನಿ. ತಿಂದು ನೋಡ್ರಿ, ಆಮ್ಯಾಲೆ ನಿಮ್ಮಿಷ್ಟ." ಸ್ವಲ್ಪ ತಡೆದು ಸೇರಿಸಿದಳು, "ಮಾತ್ರೆ ಬರದಿದ್ರೆ ಮುಂದಿನ ಸಲ ಇವ್ರು ಮಾಡಿದ್ದು ತಿನ್ನಬೇಕಾಗ್ತತಿ. ಅದನ್ನೂ ಮನಸಿನಾಗಿಟ್ಕಳ್ರಿ."

ಮೊದಲು ರಾಜೇಶ್ವರಮ್ಮ ಕೂತರು. ಬಟ್ಟೆ ಅಂಗಡಿಯ ಯಜಮಾನಿ, ಸಂತೆಯ ಮಣ್ಣಿನಲ್ಲಿ, ಶೇಂಗಾ ಚಟ್ನಿಪುಡಿ ಹಚ್ಚಿದ ರೊಟ್ಟಿ ಮುರಿದು ಬಾಯಿಗಿಟ್ಟರು. ಅಗಿದರು. ಡಾಬಿನ ಗಂಟು ಬಿಚ್ಚಿದರು. ಟಣ್. "ಬೀಗರೇ, ನಿಂತೇ ಇದೀರಲ್ಲ" ಎಂದರು. ಗುರುಮಲ್ಲಪ್ಪನವರು ಒಂದು ಕೈಯಲ್ಲಿ ರೊಟ್ಟಿ ಹಿಡಿದು ಇನ್ನೊಂದು ಕೈಯಲ್ಲಿ ಕೊರಳ ದಾರ ಹರಿದರು. ಟಣ್. ಆಮೇಲೆ ಆಲಿಕಲ್ಲು ಮಳೆ ಸುರಿದ ಹಾಗೆ ಆಯಿತು. ಆ ಸದ್ದಿಗೆ ಸೊರಬದಲ್ಲಿ ಒಣಗಲು ಹಾಕಿದ್ದ ಹಪ್ಪಳವನ್ನು ಒಳಗೆ ತೆಗೆದರಂತೆ.

ಮಲ್ಲಿಕಾರ್ಜುನ್ ನಾಲ್ಕು ರೊಟ್ಟಿ ತಿಂದು, ಟೈ ಬಿಚ್ಚಿ ಜೇಬಿಗಿಟ್ಟುಕೊಂಡು, ಮೂರು ಸಲ ಎಣಿಸಿದ. ಅರವತ್ತಮೂರು. "ಅರವತ್ಮೂರು ಪುರಾತನ ಶಿವಭಕ್ತರ ಲೆಕ್ಕಕ್ಕೆ ಸರಿಹೋಯ್ತಲ್ಲಪ್ಪ" ಎಂದು ಗುರುಮಲ್ಲಪ್ಪನವರು ಹಣೆಯ ವಿಭೂತಿ ಮುಟ್ಟಿಕೊಂಡರು. ಉಜ್ಜಪ್ಪ ಎಲ್ಲವನ್ನೂ ಒಂದು ದಪ್ಪ ತಂತಿಗೆ ಪೋಣಿಸಿ ಹುಡುಗನ ಹೆಗಲಿಗೆ ಹಾಕಿದ. ಹಾಕುವ ಮೊದಲು ಒಂದೊಂದನ್ನೂ ಸಾಣೆ ಹಿಡಿದು ಹೊಳೆಯಿಸಿದ. ಮಾತು ಕೊಟ್ಟಿದ್ದನಲ್ಲ.

ಹುಬ್ಬಳ್ಳಿಯ ದಾರಿಯಲ್ಲಿ ಕಂಡಕ್ಟರ್ ಅವನನ್ನು ಮನೆಗಳ್ಳನೆಂದು ಅನುಮಾನಿಸಿ, ಅವನ ಪಕ್ಕದ ಸೀಟನ್ನು ಊರು ಬರುವವರೆಗೂ ಖಾಲಿ ಬಿಟ್ಟಿದ್ದನಂತೆ. ಮ್ಯಾನೇಜರು ತಮ್ಮ ಗಾಜಿನ ಮೇಜಿನ ಮೇಲೆ ಬಿದ್ದ ಕಬ್ಬಿಣದ ಸರ ನೋಡಿ, "ಯಾವ ಜೈಲು ಖಾಲಿ ಮಾಡಿ ಬಂದೆಯಪ್ಪ?" ಎಂದರಂತೆ. ಮಲ್ಲಿಕಾರ್ಜುನ್ ಕತೆ ಹೇಳಿದ. ಅವರು ನಂಬಲಿಲ್ಲ. ಅವನು ಕಟ್ಟಿ ತಂದಿದ್ದ ಒಂದು ರೊಟ್ಟಿ ಮುಂದಿಟ್ಟ. ಆಮೇಲೆ ಏನಾಯಿತೆಂದು ಅವನು ಸರಿಯಾಗಿ ಹೇಳಲಿಲ್ಲ. ಮ್ಯಾನೇಜರು ಸರವನ್ನು ಎರಡು ದಿನ ಮೇಜಿನ ಮೇಲೆಯೇ ಇಟ್ಟುಕೊಂಡು, ಬಂದವರಿಗೆಲ್ಲ ತೋರಿಸಿದರೆಂದು ಮಾತ್ರ ಗೊತ್ತು.

ಇತ್ತ ಶಿರಾಳಕೊಪ್ಪದಲ್ಲಿ ದಿನಗಳು ಕರಗುತ್ತಿದ್ದವು. ಮುಂದಿನ ಸಂತೆಯ ದಿನವೂ ಏನೂ ಬರಲಿಲ್ಲ. ಅವತ್ತು ಸಂಜೆಯ ಮಾತ್ರೆ ನುಂಗಿದ ಮೇಲೆ ಮಾಳಮ್ಮನ ಡಬ್ಬಿಯಲ್ಲಿ ಉಳಿದದ್ದು ಎರಡು. ಉಜ್ಜಪ್ಪ ಸೀಮೆಸುಣ್ಣದ ಒಂದು ತುಂಡನ್ನು ಕಿಸೆಯಲ್ಲಿಟ್ಟುಕೊಂಡು ಓಡಾಡುತ್ತಿದ್ದ. ಗೆರೆ ಎಳೆಯಲು ಮನಸ್ಸು ಬರುತ್ತಿರಲಿಲ್ಲ. ಮರುದಿನ ಮಧ್ಯಾಹ್ನದ ಬಸ್ಸಿನ ಮೇಲಿಂದ ಒಂದು ರಟ್ಟಿನ ಪೆಟ್ಟಿಗೆ ಇಳಿಯಿತು. ಕೊಟ್ರೇಶ್ ಅಂಗಡಿಯನ್ನು ತೆರೆದ ಹಾಗೇ ಬಿಟ್ಟು, ಪೆಟ್ಟಿಗೆಯನ್ನು ತಾನೇ ಹೊತ್ತುಕೊಂಡು ಬೇವಿನ ಮರದ ಹತ್ತಿರ ಓಡಿ ಬಂದ. ಮೂವತ್ತು ವರ್ಷದ ವ್ಯಾಪಾರದಲ್ಲಿ ಅವನು ಓಡಿದ್ದನ್ನು ಊರು ಕಂಡದ್ದು ಅದೊಂದೇ ಸಲ. ಹಿಂದೆ ಹುಚ್ಚುನಾಯಿ ಬಿದ್ದಿದೆಯೆಂದು ಎರಡು ಅಂಗಡಿ ಬಾಗಿಲು ಹಾಕಿದವು.

"ತಗಾ ಉಜ್ಜಪ್ಪಣ್ಣ. ಪ್ರತಿ ತಿಂಗಳೂ ಬರ್ತತಂತೆ. ಶಿವಮೊಗ್ಗದ ಡಾಕ್ಟ್ರೂ ತಿಂಗಳಿಗೊಂದು ಸಂತೆ ದಿನ ಬಂದು ಇಲ್ಲೇ ನೋಡ್ತಾರಂತೆ."

ಉಜ್ಜಪ್ಪ ಸೀಮೆಸುಣ್ಣ ತೆಗೆದು ನನ್ನ ಕೈಗಿಟ್ಟ. "ಇದು ನಿಮ್ಮ ಸಾಮಾನು ಮೇಷ್ಟ್ರೇ" ಎಂದ.

ಜನ ಒಂದೇ ದಿನಕ್ಕೆ ಬದಲಾದರೆಂದು ನಾನು ಹೇಳುವುದಿಲ್ಲ. ಅಷ್ಟು ದೊಡ್ಡ ಸುಳ್ಳು ನನಗೂ ಬರುವುದಿಲ್ಲ. ಮೊದಮೊದಲು ಮಾತ್ರೆಯನ್ನು ಬಾಳೆಹಣ್ಣಿನ ಚೀಲದಲ್ಲಿ ಮುಚ್ಚಿಕೊಂಡು ಒಯ್ದರು. ಆಮೇಲೆ ಚೀಲ ಮರೆತರು. ಗುರುಮಲ್ಲಪ್ಪನವರು ಆನವಟ್ಟಿಯಿಂದ, ರಾಜೇಶ್ವರಮ್ಮ ಶಿಕಾರಿಪುರದಿಂದ ಒಂದೇ ಸಂತೆಗೆ ಬಂದು, ಒಟ್ಟಿಗೇ ಮಾತ್ರೆ ಕೊಂಡು, ಹೋಟೆಲಿನಲ್ಲಿ ಮಂಡಕ್ಕಿ-ಮೆಣಸಿನಕಾಯಿ ತಿಂದು, ಮೊಮ್ಮಗನ ಮೂಗು ಯಾರ ಮನೆಯದೆಂದು ಜಗಳಾಡಿ ಹೋಗುತ್ತಿದ್ದರು. ಆ ವರ್ಷದ ದೀಪಾವಳಿಗೆ ಬೀಗರ ಮನೆಯಲ್ಲಿ ಮೊದಲ ಸಲ ತಂಗಿದ ಗುರುಮಲ್ಲಪ್ಪನವರು ಹದಿನೈದು ದಿನ ಹೊರಡಲೇ ಇಲ್ಲ. ಕೊನೆಗೆ ರಾಜೇಶ್ವರಮ್ಮನೇ ಬಸ್ಸಿನ ಹೊತ್ತು ಕೇಳಿ ಹೇಳಬೇಕಾಯಿತು.

ಉಜ್ಜಪ್ಪನ ಒಂಟಿ ಕೀಲಿಕೈ ವ್ಯಾಪಾರ ಅರ್ಧಕ್ಕರ್ಧ ಬಿತ್ತು. ಕೊಳ್ಳಲು ಬಂದ ಹೊಸಬರಿಗೂ ಅವನು ಮೊದಲು ಚೀಟಿ ಕೊಟ್ಟು, ಕೊಟ್ರೇಶನ ಅಂಗಡಿ ತೋರಿಸಿ, ಆಮೇಲೆ, "ಇನ್ನೂ ಕೀಲಿಕೈ ಬೇಕೇನ್ರಿ?" ಎಂದು ಕೇಳುತ್ತಿದ್ದ.

ಮಲ್ಲಿಕಾರ್ಜುನ್ ಆ ಸರವನ್ನು ಹಿಂದಕ್ಕೆ ತಂದುಕೊಟ್ಟ. ತಂತಮ್ಮದನ್ನು ತೆಗೆದುಕೊಳ್ಳಲಿ ಎಂದು ಉಜ್ಜಪ್ಪ ನಾಲ್ಕು ಸಂತೆ ಮರಕ್ಕೆ ತೂಗುಹಾಕಿದ. ಬಂದವರು ನೋಡಿದರು, ತಮ್ಮದನ್ನು ಗುರುತಿಸಿ ಒಮ್ಮೆ ಮುಟ್ಟಿದರು, ಅಲ್ಲೇ ಬಿಟ್ಟು ಮಾತ್ರೆಗೆ ಹೋದರು. ಕೊನೆಗೆ ಅದನ್ನು ಮಾಳಮ್ಮ ಮನೆಗೆ ಒಯ್ದಳು.

ಈಗಲೂ ನಾನು ಬೆಳಗಿನ ಹೊತ್ತು ಆ ಕಡೆ ಹೋದರೆ, ಅಂಗಳದಲ್ಲಿ ಚಾಪೆಯ ಮೇಲೆ ರೊಟ್ಟಿಗಳು ಒಣಗುತ್ತಿರುತ್ತವೆ. ಸರದ ಒಂದು ತುದಿ ಗೂಟಕ್ಕೆ, ಅದರಿಂದ ಒಂದು ಹಗ್ಗ ಅಡುಗೆಮನೆಯ ಕಿಟಕಿಯೊಳಕ್ಕೆ. ಕಾಗೆ ಇಳಿದರೆ ಮಾಳಮ್ಮ ಒಲೆಯ ಮುಂದಿನಿಂದ ಏಳದೆ ಹಗ್ಗ ಜಗ್ಗುತ್ತಾಳೆ. ಅರವತ್ತಮೂರು ಕೀಲಿಕೈಗಳು ಒಟ್ಟಿಗೆ ಝಲ್ಲೆನ್ನುತ್ತವೆ, ಕಾಗೆಗಳು ಹಾನಗಲ್ಲಿನವರೆಗೆ ಹೋಗಿಯೇ ನಿಲ್ಲುತ್ತವೆ.

ಹಿಂದಿನ ವಾರ ಉಜ್ಜಪ್ಪನಿಗೆ ಹುಕಿ ಬಂದು, ಕೈ ಮರೆತಿದೆಯೋ ಏನೋ ನೋಡೋಣ ಎಂದು ಒಂದು ರೊಟ್ಟಿ ಬಡಿದು ಅದೇ ಚಾಪೆಯ ಮೇಲಿಟ್ಟ. ಅದರ ಮೇಲೆ ಕಾಗೆ ಕೂತಿತು. ಮಾಳಮ್ಮ ಹಗ್ಗ ಮುಟ್ಟಲಿಲ್ಲ.

"ಕುಕ್ಕಲಿ ಬಿಡ್ರಿ" ಎಂದಳು. "ತಾನೇ ಎದ್ದು ಹೋಗ್ತತಿ."